ಇಲ್ಲಿಗೆ ಬಾ ಎಂದರೆ ಎಲ್ಲಿಗೆ?

ಆ ವರ್ಷ ಗುರುಗಳ ದನಿ ಬಿದ್ದುಹೋಯಿತು.

ಹೊಳೆದಂಡೆಯ ಆ ಪುಟ್ಟ ಆಶ್ರಮಕ್ಕೆ ಇದಕ್ಕಿಂತ ದೊಡ್ಡ ಆಪತ್ತು ಬೇಕಿರಲಿಲ್ಲ. ವರ್ಷಕ್ಕೊಮ್ಮೆ ಸುತ್ತಲ ಊರುಗಳ ಭಜನೆಯವರು ದೋಣಿಯಲ್ಲಿ ಬರುತ್ತಿದ್ದರು. ಗುರುಗಳು ಹೊಸದಾಗಿ ಕಟ್ಟಿದ ಒಂದು ತತ್ವಪದವನ್ನು ಬಾಯಿಂದ ಬಾಯಿಗೆ ಕಲಿತು, ಸಂಜೆಯ ದೋಣಿಗೆ ಹೊರಟುಬಿಡುತ್ತಿದ್ದರು. ಆಮೇಲೆ ವರ್ಷವೆಲ್ಲ ಅವರ ಊರುಗಳಲ್ಲಿ ಅದೇ ಪದ.

ಈ ಸಲವೂ ಬಂದು ಜಗಲಿ ತುಂಬ ಕೂತಿದ್ದರು. ಆದರೆ ಒಳಗೆ ಗುರು ಮರಿಸ್ವಾಮಿಗಳ ಬಾಯಿಂದ ಪಿಸುಮಾತು ಬಿಟ್ಟು ಇನ್ನೇನೂ ಹೊರಡುತ್ತಿರಲಿಲ್ಲ.

ಪುಣ್ಯಕ್ಕೆ, ದನಿ ಬೀಳುವ ಮೊದಲೇ ಶಿಷ್ಯೆ ಸುಗುಣ ಆ ಪದವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. "ಎಲ್ಲರ ಫೋನಿಗೂ ಕಳಿಸ್ತೀನಿ, ಮನೇಲಿ ಕೇಳ್ಕೊಂಡು ಕಲೀರಿ" ಎಂದು ಜಂಬದಿಂದ ಹೇಳಿಯೂ ಇದ್ದಳು. ಆದರೆ ಆ ದಂಡೆಗೆ ನೆಟ್‌ವರ್ಕ್ ಎನ್ನುವುದು ಯಾವಾಗಲೋ ಬಂದು ಮುಖ ತೋರಿಸಿ ಹೋಗುವ ನೆಂಟ. ಆವತ್ತು ಮುಖವನ್ನೂ ತೋರಿಸಲಿಲ್ಲ.

"ಗುರುಗಳೇ, ನೆಟ್‌ವರ್ಕ್ ಇಲ್ಲ. ಲ್ಯಾಪ್‌ಟಾಪಿನ ಸಣ್ಣ ದನಿ ಜಗಲಿಯವರಿಗೆಲ್ಲ ಕೇಳಲ್ಲ. ಒಂದೊಂದೇ ಫೋನಿಗೆ ಹಾಕ್ತಾ ಕೂತ್ರೆ ದೋಣಿ ಹೊರಟುಹೋಗುತ್ತೆ."

"ಬರಿಗೈಲಿ ಹೋದ್ರೆ?" ಗುರುಗಳು ಪಿಸುಗುಟ್ಟಿದರು.

"ಮುಂದಿನ ವರ್ಷ ಯಾರು ಬರ್ತಾರೆ? ಪದ ನಮ್ಮ ಜಗಲಿ ದಾಟೋದೇ ಇಲ್ಲ." ಸುಗುಣ ಫೋನನ್ನು ಮೇಲೆತ್ತಿ ಇನ್ನೊಮ್ಮೆ ನೋಡಿದಳು.

"ನಾನು ಹಾಡುವಾಗ ನನ್ನ ದನಿ ಎಲ್ಲಿವರೆಗೆ ಹೋಗ್ತಿತ್ತು?"

"ಜಗಲಿವರೆಗೆ. ಹೆಚ್ಚಂದ್ರೆ ಬಾವಿಕಟ್ಟೆವರೆಗೆ."

"ಅವರೆಲ್ಲ ಎಲ್ಲಿ ಕೂತಿದ್ದಾರೆ?"

"ಜಗಲಿ ಮೇಲೇ..." ಎಂದವಳು ಅಲ್ಲಿಗೇ ನಿಂತಳು. "ಅಯ್ಯೋ, ಹೌದಲ್ಲ!"

ಹೌದಲ್ಲ! ಜಗಲಿಯ ಮೇಲೆ ಕೂತವರಿಗೆ ಕೊಡುವುದಕ್ಕೆ ಊರಾಚೆಯ ನೆಟ್‌ವರ್ಕ್ ಯಾಕೆ? ಕೇಳಿದವರಿಗೆ ಪುಟ ಎತ್ತಿಕೊಡುವ ಸರ್ವರ್ ಎಂಬ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿನೊಳಗೇ ನಡೆಸಬಹುದು. ಜಗಲಿಗೆ ಸಾಕಾಗುವಷ್ಟು ವೈಫೈಯನ್ನೂ ಅದೇ ಕೊಡುತ್ತದೆ.

ಸುಗುಣ ಒಳಗಿನ ಕಂಬಕ್ಕೊರಗಿ ಕೂತು ಟಕಟಕನೆ ಕೀಲಿ ಒತ್ತಿದಳು. ಸರ್ವರ್ ಶುರುವಾಯಿತು. ಬ್ರೌಸರಿನಲ್ಲಿ 'ಲೋಕಲ್‌ಹೋಸ್ಟ್' ಎಂದು ಬರೆದಳು. ಪುಟ ತೆರೆಯಿತು! ಪದದ ಹೆಸರು, ಅದರ ಕೆಳಗೊಂದು ಗುಂಡಿ. ಗುಂಡಿ ಒತ್ತಿದರೆ, ಸಣ್ಣದಾಗಿಯಾದರೂ ಗುರುಗಳ ತುಂಬುದನಿ.

"ಬಂತು! ಬಂತು ಗುರುಗಳೇ!"

ಜಗಲಿಗೆ ಓಡಿದಳು. "ಎಲ್ಲರೂ ಸುಗುಣ ಅನ್ನೋ ವೈಫೈ ಹಿಡೀರಿ. ಆಮೇಲೆ ಲೋಕಲ್‌ಹೋಸ್ಟ್ ಅಂತ ಬರೀರಿ!"

ಎಲ್ಲರೂ ಹಿಡಿದರು. ಎಲ್ಲರೂ ಬರೆದರು. ಒಂದೇ ಒಂದು ಫೋನಿನಲ್ಲೂ ಪುಟ ತೆರೆಯಲಿಲ್ಲ.

"ಏನೂ ಸಿಗಲಿಲ್ಲ ಅಂತಿದೆ ಕಣವ್ವ."

ಸುಗುಣ ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡಿದಳು. ಲ್ಯಾಪ್‌ಟಾಪಿನಲ್ಲಿ ಗುರುಗಳು ಹಾಡಿದರು. ಫೋನುಗಳು ತೆಪ್ಪಗಿದ್ದವು. ಅತ್ತ ಹೊತ್ತು ಇಳಿಯುತ್ತಿತ್ತು.

ಅಳುವ ಮುಖ ಮಾಡಿಕೊಂಡು ಒಳಗೆ ಬಂದಳು. "ನನಗೆ ಬರುತ್ತೆ, ಅವರಿಗೆ ಬರಲ್ಲ. ಅದೇ ವಿಳಾಸ ಗುರುಗಳೇ, ಒಂದಕ್ಷರ ತಪ್ಪಿಲ್ಲ!"

"ಏನು ವಿಳಾಸ?"

"ಲೋಕಲ್‌ಹೋಸ್ಟ್."

"ಹಾಗಂದ್ರೆ?"

"ಹಾಗಂದ್ರೆ, ಇಲ್ಲೇ ಅಂತ. ಈ ಮಷೀನಲ್ಲೇ ಅಂತ."

ಗುರುಗಳು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಹೊಳೆ ಹತ್ರ ಅಂಬಿಗ ಸಿದ್ದಶೆಟ್ಟಿ ಇದ್ದಾನೆ. ಹೋಗಿ ಅವನಿಗೆ ಇಲ್ಲಿಗೆ ಬರೋಕೆ ಹೇಳು. 'ಇಲ್ಲಿಗೆ ಬನ್ನಿ', ಅಷ್ಟೇ. ಬೇರೆ ಒಂದು ಮಾತೂ ಸೇರಿಸಬೇಡ."

"ಈಗಲಾ?"

"ಈಗಲೇ."

ಗುರುಗಳಿಗೆ ಹೊತ್ತುಗೊತ್ತೇ ಇಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು ಓಡಿದಳು. ಸಿದ್ದಶೆಟ್ಟಿ ದೋಣಿಯೊಳಗೆ ಕಾಲು ಚಾಚಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಸುಗುಣ ದೋಣಿಯ ಅಂಚು ಹಿಡಿದು ಏದುಸಿರು ಬಿಟ್ಟಳು.

"ಶೆಟ್ಟರೇ, ಇಲ್ಲಿಗೆ ಬನ್ನಿ!"

ಸಿದ್ದಶೆಟ್ಟಿ ತನ್ನ ಸುತ್ತ ನೋಡಿಕೊಂಡ. "ಇಲ್ಲೇ ಇದ್ದೀನಲ್ಲವ್ವ. ಇನ್ನೆಲ್ಲಿಗೆ ಬರ್ಲಿ?"

ಸುಗುಣ ದೋಣಿಯ ಅಂಚು ಬಿಟ್ಟು ಹಣೆ ಚಚ್ಚಿಕೊಂಡಳು. ಆಮೇಲೆ ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ ನಕ್ಕಳು. "ಇಲ್ಲೇ ಇದ್ದೀರಿ! ನೀವೂ ಇಲ್ಲೇ ಇದ್ದೀರಿ!"

"ಅಲ್ಲವ್ವ, ಬರ್ಲೋ ಬೇಡ್ವೋ?"

ಅವಳು ಆಗಲೇ ಅರ್ಧ ದಾರಿ ಓಡಿದ್ದಳು.

'ಇಲ್ಲೇ' ಎಂದು ಬರೆಸಿದರೆ ಪ್ರತಿ ಫೋನೂ ತನ್ನ ಹೊಟ್ಟೆಯೊಳಗೇ ಹುಡುಕುತ್ತಿತ್ತು. ಅಲ್ಲಿ ಪದ ಎಲ್ಲಿಂದ ಬರಬೇಕು? ಅವಕ್ಕೆ ಬೇಕಾಗಿದ್ದದ್ದು ಲ್ಯಾಪ್‌ಟಾಪನ್ನು ಬೇರೆಯವರು ಕರೆಯುವ ನಂಬರು. ಸುಗುಣ ಅದನ್ನು ಹುಡುಕಿ ತೆಗೆದಳು. ಪಕ್ಕದವರು ಕೂಗಿದರೂ ಓಗೊಡು ಎಂದು ಸರ್ವರ್‌ಗೂ ಹೇಳಿದಳು.

"ನಾನು ಹೇಳಿದ ಹಾಗೆ ಬರೀರಿ! ಒಂದು, ಒಂಬತ್ತು, ಎರಡು, ಚುಕ್ಕಿ!"

ಹೇಳಿಕೊಟ್ಟದ್ದನ್ನು ತಿರುಗಿ ಹಾಡಿಯೇ ಅಭ್ಯಾಸ ಆ ಮಂದಿಗೆ. "ಒಂದು, ಒಂಬತ್ತು, ಎರಡು, ಚುಕ್ಕಿ" ಎಂದು ರಾಗವಾಗಿ ಒಪ್ಪಿಸಿದರು. ಯಾರೋ ತಾಳವನ್ನೂ ಹಾಕಿದರು. ನಂಬರು ಮುಗಿಯುವ ಹೊತ್ತಿಗೆ ಜಗಲಿಯಲ್ಲಿ ಭಜನೆಯೇ ನಡೆದಿತ್ತು.

ಮೂಲೆಯಲ್ಲಿದ್ದ ಒಂದು ಫೋನು ಮೊದಲು ಹಾಡಿತು. ಅದರ ಪಕ್ಕದ್ದು ಹಾಡಿತು. ನೋಡನೋಡುತ್ತ ಎಲ್ಲ ಫೋನುಗಳಲ್ಲೂ ಗುರುಗಳು, ಒಬ್ಬರು ಪಲ್ಲವಿಯಲ್ಲಿ, ಒಬ್ಬರು ಚರಣದಲ್ಲಿ!

"ಬಂತು ಕಣವ್ವ! ನಂಗೂ ಬಂತು!"

"ಉಳಿಸ್ಕೊಳ್ಳಿ, ಎಲ್ಲರೂ ಫೋನಲ್ಲಿ ಉಳಿಸ್ಕೊಳ್ಳಿ!" ಸುಗುಣ ಒಬ್ಬೊಬ್ಬರ ಹತ್ತಿರ ಬಗ್ಗಿ ತೋರಿಸಿದಳು. ಕುಣಿಯುವಷ್ಟು ಸಂತೋಷವಾಗಿತ್ತು ಅವಳಿಗೆ. ಒಂದೆರಡು ಹೆಜ್ಜೆ ಕುಣಿದೂಬಿಟ್ಟಳು.

ಹೊಳೆಯ ಕಡೆಯಿಂದ ಸಿದ್ದಶೆಟ್ಟಿಯ ಕೂಗು ಕೇಳಿಸಿತು. ಜನ ಜಗಲಿಗೆ ಬಂದ ಗುರುಗಳಿಗೆ ಕೈಮುಗಿದು ದೋಣಿಯತ್ತ ನಡೆದರು.

ಒಬ್ಬ ಅಜ್ಜಿ ಮಾತ್ರ ಏಳಲಿಲ್ಲ. ಅವಳ ಹೆಸರು ಕಾಳಮ್ಮ.

"ನನಗೆಲ್ಲಿ ಕೊಟ್ಟೆ ಮಗಾ? ನನ್ನ ತಾವ ಫೋನಿಲ್ಲ. ನಮ್ಮೂರಿಂದ ಬಂದಿರೋಳು ನಾನೊಬ್ಬಳೇ."

ಸುಗುಣಳ ಕುಣಿತ ನಿಂತಿತು. ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಗುರುಗಳ ಕಡೆ ತಿರುಗಿದಳು. "ಇದರಿಂದ ಅಜ್ಜಿಗೆ ಕೊಡೋಕಾಗಲ್ಲ ಗುರುಗಳೇ."

"ಪದ ನಿನಗೆ ಬರುತ್ತಾ?"

"ರೆಕಾರ್ಡ್ ಮಾಡುವಾಗ ಎಷ್ಟು ಸಲ ಕೇಳಿಲ್ಲ! ಬಾಯಿಪಾಠ ಇದೆ. ಆದ್ರೆ ಒಂದು ಸಲಾನೂ ಬಾಯಿಬಿಟ್ಟು ಹಾಡಿಲ್ಲ. ನನ್ನ ದನಿ ನಿಮ್ಮ ದನಿ ಥರ ಅಲ್ಲ."

"ಅಜ್ಜಿ ಜೊತೆ ದೋಣಿ ಹತ್ತು."

"ಹೊಳೆ ಎಷ್ಟು ಅಗಲ ಇದೆ ಅಂತ ಗುರುಗಳೇ? ಅಷ್ಟರಲ್ಲಿ ಅವರಿಗೆ ಪದ ಬರುತ್ತಾ?"

ಗುರುಗಳು ಅವಳ ಕೈಯಿಂದ ಲ್ಯಾಪ್‌ಟಾಪನ್ನು ತೆಗೆದುಕೊಂಡು, ಮುಚ್ಚಿ, ಚಾಪೆಯ ಮೇಲಿಟ್ಟರು.

"ಬರೋ ತನಕ ಇಳೀಬೇಡ."