ಭರಣಿಯೊಳಗಿನ ಅಲಾರಂ

ದಾವಣಗೆರೆಯಲ್ಲಿ ದಸ್ತಗೀರ್ ಅಂತ ಒಬ್ಬ ಫ್ರಿಜ್ ರಿಪೇರಿಯವನಿದ್ದ. ಅವನ ಬಾಡಿಗೆ ಮನೆಗೆ ಅಂಟಿಕೊಂಡೇ ಮಾಲೀಕ ಪಂಪಾಪತಯ್ಯನವರ ಮನೆ. ಒಂದು ದಿನ ಅವರು ಬಾಗಿಲಲ್ಲಿ ನಿಂತು, "ನಿನ್ನ ಅಲಾರಂ ಗೋಡೆ ದಾಟಿ ಬಂದು ನನ್ನ ನಿದ್ದೆ ಕೆಡಿಸುತ್ತೆ. ನಾಳೆ ಅದರ ಸದ್ದು ಕೇಳಿದರೆ ಮನೆ ಖಾಲಿ ಮಾಡು" ಅಂದರು.

ದಸ್ತಗೀರನ ಹೆಂಡತಿ ಜರೀನಾ ಒಳಗಿನಿಂದ, "ಅದು ನಮ್ಮಪ್ಪ ಕೊಟ್ಟ ಗಡಿಯಾರ. ಅದನ್ನ ನಿಲ್ಲಿಸಿದರೆ ನಾನೇ ಮನೆ ಖಾಲಿ ಮಾಡ್ತೀನಿ" ಅಂದಳು.

ಗಾಳಿ ಇಲ್ಲದ ಕಡೆ ಸದ್ದು ಸಾಗುವುದಿಲ್ಲ ಅಂತ ದಸ್ತಗೀರನಿಗೆ ಗೊತ್ತಿತ್ತು. ಉಪ್ಪಿನಕಾಯಿಯ ದಪ್ಪ ಗಾಜಿನ ಭರಣಿ ತೊಳೆದ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಗಡಿಯಾರವನ್ನು ಅದರೊಳಗೆ ತೂಗುಹಾಕಿದ. ಮುಚ್ಚಳಕ್ಕೆ ಪೈಪು ಕೂರಿಸಿ, ಸಂದಿಗೆ ಗ್ರೀಸು ಮೆತ್ತಿ, ಹಳೇ ಫ್ರಿಜ್ಜಿನ ಕಂಪ್ರೆಸರಿನಿಂದ ಗಾಳಿಯೆಲ್ಲ ಎಳೆಸಿದ.

ಮರುದಿನ ಬೆಳಿಗ್ಗೆ ಪಂಪಾಪತಯ್ಯ ಪರೀಕ್ಷೆಗೆ ಬಂದರು. ಭರಣಿಯೊಳಗೆ ಪುಟ್ಟ ಸುತ್ತಿಗೆ ಗಂಟೆಗೆ ಒಂದೇ ಸಮನೆ ಬಡಿಯುತ್ತಿತ್ತು. ಸದ್ದೇ ಇಲ್ಲ. ಅವರು ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿ, "ಇದು ಹೊಡ್ಕೊಳ್ತಾ ಇದೆಯೇನೋ?" ಅಂದರು.

ದಸ್ತಗೀರ್ ಬರೀ ತುಟಿ ಆಡಿಸಿದ, ದನಿ ಹೊರಡಿಸಲಿಲ್ಲ. ಜರೀನಾಳಿಗೂ ಅರ್ಥವಾಯಿತು. ಅವಳೂ ಕೈ ತಿರುಗಿಸುತ್ತ ದನಿಯಿಲ್ಲದೆ ಬಾಯಾಡಿಸಿದಳು.

ಪಂಪಾಪತಯ್ಯನವರ ಮುಖ ಬಿಳಿಚಿತು. ಮನೆಗೆ ಓಡಿ ಹೆಂಡತಿಯ ಮುಂದೆ ಕುಸಿದು ಕೂತು, "ಗಿರಿಜಾ, ನನಗೇನೋ ಆಗಿದೆ. ನನ್ನ ಮಾತು ನನಗೆ ಕೇಳುತ್ತೆ, ಬೇರೆಯವರ ಮಾತು ಒಂದೂ ಕೇಳಲ್ಲ" ಅಂದರು.

ಗಿರಿಜಮ್ಮ ಅಕ್ಕಿ ಆರಿಸುತ್ತ, ತಲೆ ಎತ್ತದೆ, "ಮದುವೆಯಾದಾಗಿನಿಂದ ನಿಮಗೆ ಅದೇ ಕಾಯಿಲೆ" ಅಂದರು.

ಅದು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸಿತು.