ಮುಳ್ಳುಹಂದಿ ಕೆರೆದು ನೋಡಿದ ಬಂಡೆ

ಅದಿರಿನ ಗುಡ್ಡವೊಂದರ ತಪ್ಪಲಲ್ಲಿದ್ದ ಮುಳ್ಳುಹಂದಿಗೆ ಕೆಂಪು ಕಲ್ಲುಗಳೆಂದರೆ ಪ್ರಾಣ. ಜಾಸ್ಪರ್ ಎಂಬ ಗಟ್ಟಿ ಕಲ್ಲಾಗಲಿ, ಕಬ್ಬಿಣದ ಕಲ್ಲಾಗಲಿ, ಹಳ್ಳದಲ್ಲಿ ಸಿಕ್ಕಿದ್ದನ್ನು ನೆಕ್ಕಿ ಬಣ್ಣ ನೋಡುತ್ತಿತ್ತು, ಹಲ್ಲಿನಿಂದ ಕೆರೆದು ಗಟ್ಟಿಯೋ ಮೆದುವೋ ತಿಳಿಯುತ್ತಿತ್ತು, ಮೆಚ್ಚಿದ್ದನ್ನು ಬಿಲಕ್ಕೆ ಉರುಳಿಸಿಕೊಂಡು ಬರುತ್ತಿತ್ತು.

"ತಿನ್ನಲಾಗದ್ದನ್ನು ಕೂಡಿಟ್ಟು ಏನು ಮಾಡುತ್ತೀಯೆ?" ಎಂದು ನರಿ ಕೇಳುತ್ತಿತ್ತು.

"ನೋಡುತ್ತೇನೆ, ನರಿಯಕ್ಕ. ಒಂದರಂತೆ ಇನ್ನೊಂದಿಲ್ಲ. ಅಷ್ಟೇ ಸಂತೋಷ."

ಮಳೆಗಾಲದ ಹೊಸ್ತಿಲಲ್ಲಿ ನರಿ ನಾಲ್ಕು ಮರಿ ಹಾಕಿತು. ಗುಡ್ಡದ ಬದಿಯ ಕೆಂಪು ಬಂಡೆಯಡಿ ಗುಹೆ ತೋಡಿ ಅವನ್ನು ಮಲಗಿಸಿತು. ಆ ದಾರಿಯಾಗಿ ಬಂದ ಮುಳ್ಳುಹಂದಿ ಬಂಡೆಯನ್ನು ಕೆರೆಯಿತು. ಹಲ್ಲಿಗೆಲ್ಲ ಕೆಂಪು ಪುಡಿ ಮೆತ್ತಿಕೊಂಡಿತು.

"ಇದು ಬರೀ ಕಾವಿಕಲ್ಲು. ನೀರು ಕುಡಿದರೆ ಕುಸಿಯುತ್ತದೆ. ಈಗಲೇ ಮರಿಗಳನ್ನು ಎತ್ತಿಕೋ."

"ಇಲ್ಲಿರುವ ಕಲ್ಲೆಲ್ಲ ಕೆಂಪೇ. ನಿನಗೆ ಹೇಗೆ ಗೊತ್ತು?"

"ಹತ್ತು ವರ್ಷದಿಂದ ಕೆರೆಯುತ್ತಿದ್ದೇನೆ. ಮೇಲೆ ಕಾಣುವ ಪಟ್ಟೆ ಜಾಸ್ಪರ್. ನನ್ನ ಹಲ್ಲು ಸವೆದೀತು, ಅದು ಸವೆಯದು. ಬಾ, ಅದರಡಿ ಇಬ್ಬರೂ ಸೇರಿ ತೋಡೋಣ."

ಆ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಇಬ್ಬರೂ ಸೇರಿ ಗುಹೆ ತೋಡಿದ ಮೇಲೆ ನರಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಮೇಲಕ್ಕೆ ಸಾಗಿಸಿತು. ಮೂರನೆಯ ದಿನ ಜಡಿಮಳೆ ಹೊಡೆದು ಕೆಳಗಿನ ಬಂಡೆ ಕೆಸರಾಗಿ ಜಾರಿಹೋಯಿತು. ಮೇಲಿನ ಗುಹೆಯಲ್ಲಿ ಮರಿಗಳು ಬೆಚ್ಚಗೆ ಹಾಲು ಕುಡಿಯುತ್ತಿದ್ದವು.

"ಇವು ದೊಡ್ಡವಾದ ಮೇಲೆ ಕಲ್ಲಿನ ಗುರುತು ಕಲಿಸಿಕೊಡು," ಎಂದಿತು ನರಿ.

"ಕಲಿಸುತ್ತೇನೆ," ಎಂದಿತು ಮುಳ್ಳುಹಂದಿ. "ಮೊದಲು ಅವಕ್ಕೆ ಕಲ್ಲಿನ ಮೇಲೆ ಪ್ರೀತಿ ಹುಟ್ಟಲಿ."