ಕಾವುಪೆಟ್ಟಿಗೆಯ ಸೊಟ್ಟ ಭ್ರೂಣ

ಮಗುವಿಗಾಗಿ ಹಂಬಲಿಸಿದ್ದ ಚಂಪಾವತಿಯ ಎರಡು ಭ್ರೂಣಗಳು ಪ್ರಯೋಗಶಾಲೆಯ ಕಾವುಪೆಟ್ಟಿಗೆಯಲ್ಲಿ ನಿದ್ದೆಗಣ್ಣಲ್ಲೇ ಬೆಳೆಯುತ್ತಿದ್ದವು. ಒಂದು ಮುತ್ತಿನಂತೆ ದುಂಡಗಿತ್ತು, ಇನ್ನೊಂದು ಸೊಟ್ಟಗಿತ್ತು. ಸೂಕ್ಷ್ಮದರ್ಶಕಕ್ಕೆ ದುಂಡನೆಯದನ್ನು ಕಂಡರೆ ಪ್ರಾಣ. ಗಳಿಗೆಗೊಮ್ಮೆ ಅದನ್ನು ಹೊರಗೆ ಕರೆಸಿಕೊಂಡು ನೋಡುತ್ತಿತ್ತು.

ಕಾವುಪೆಟ್ಟಿಗೆಯ ಕರುಳು ಚುರುಕ್ಕೆಂದಿತು. “ನೀವು ನೋಡಿದಷ್ಟೂ ಅದರ ಮೈ ತಣ್ಣಗಾಗುತ್ತದೆ” ಎಂದಿತು.

“ನೋಡದೆ ಬೆಳೆಸುವುದು ಹೇಗೆ? ಬೇಕಾದರೆ ಆ ಸೊಟ್ಟನೆಯದನ್ನು ನೀನೇ ಇಟ್ಟುಕೋ” ಎಂದಿತು ಸೂಕ್ಷ್ಮದರ್ಶಕ.

ಕಾವುಪೆಟ್ಟಿಗೆ ಅದನ್ನು ಮಡಿಲಿಗೆಳೆದುಕೊಂಡು ಬಾಗಿಲು ಹಾಕಿತು. ಒಳಗಿನ ಬೆಚ್ಚನೆಯ ಕತ್ತಲಲ್ಲಿ ಭ್ರೂಣ ತಾನಿನ್ನೂ ಕಾಣದ ಕಡಲೊಂದರ ಕನಸು ಕಂಡಿತು.

ತಾಯಿಯ ಗರ್ಭಕ್ಕೆ ಹೊರಡುವ ದಿನ ಬಂದಾಗ ದುಂಡನೆಯದು ಬೆಳೆಯುವುದನ್ನೇ ನಿಲ್ಲಿಸಿತ್ತು. ವೈದ್ಯೆ ಸೊಟ್ಟನೆಯದನ್ನು ಮಸೂರದಡಿ ಇಟ್ಟರು. ಅದು ಮೈತುಂಬಿಕೊಂಡು ಹೊಳೆಯುತ್ತಿತ್ತು.

“ಇಷ್ಟು ಚೆಂದ ಯಾವಾಗ ಆದೆ?” ಎಂದು ಸೂಕ್ಷ್ಮದರ್ಶಕ ಕೇಳಿತು.

“ನೀವು ನೋಡದಿದ್ದಾಗ” ಎಂದಿತು ಭ್ರೂಣ.